ಪ್ರೊಸೆಸರ್ ಬಳಕೆ: ನೂರಕ್ಕೆ ನೂರು

ಸೆಪ್ಟೆಂಬರ್ 18, ಸೋಮವಾರ

ತವಿತ ಬೆಳಗ್ಗೆಯೇ ನನ್ನ ಮೇಜಿನ ಮುಂದೆ ಬಂದು ನಿಂತ. ವೆಲಿಂಗ್ಟನ್ನಿನ ನಮ್ಮ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಸರ್ವರುಗಳ ಉಸ್ತುವಾರಿ ಅವನದು. ಬಾಗಿಲು ತುಂಬುವಷ್ಟು ದೊಡ್ಡ ಆಳು, ದನಿ ಮಾತ್ರ ಬೆಣ್ಣೆ. ಬೈಯುವುದೂ ಆ ದನಿಯಲ್ಲೇ.

“ನೋಡು ಹೀನಿ ತಾಯಿ, ಹದಿನಾರು ಪ್ರೊಸೆಸರ್ ಹಿಡ್ಕೊಂಡು ಕೂತಿದೀಯ. ಕೆಲಸ ಮಾಡ್ತಿರೋದು ಎಂಟು. ಮಿಕ್ಕ ಎಂಟಕ್ಕೆ ಏನು, ಪಿಂಚಣಿ ಕೊಡ್ತಿದೀಯಾ?”

“ಮೆಮೊರಿ ಬೇಕಾದ್ರೆ ಅದರ ಜೊತೆ ಪ್ರೊಸೆಸರೂ ತಗೋಬೇಕು ಅಂದೋರು ಯಾರಪ್ಪ? ನೀವೇ ತಾನೇ?”

“ಮೇಲಿನೋರು ಅಂದಿದ್ದು, ನಾನಲ್ಲ. ಬಳಕೆ ಅರವತ್ತಕ್ಕಿಂತ ಕೆಳಗಿದ್ರೆ ಕಾವಲು ಪ್ರೋಗ್ರಾಂ ಇನ್ಮೇಲೆ ನಿನ್ನ ಓಟನ ಕತ್ತು ಹಿಡಿದು ಆಚೆಗೆ ದಬ್ಬುತ್ತೆ. ನನ್ನೂ ಕೇಳಲ್ಲ ಅದು.”

ಲೆಕ್ಕದ ಪ್ರತಿ ಓಟಕ್ಕೂ ಲಾಗು ಎಂಬ ದಾಖಲೆಯಲ್ಲಿ ಮೂರು ಸಂಗತಿ ಬರೆದಿಡಬೇಕು: ಯಾವಾಗ ಶುರುವಾಯಿತು, ಎಷ್ಟು ಹೊತ್ತು ಓಡಿತು, ಪ್ರೊಸೆಸರನ್ನು ನೂರಕ್ಕೆ ಎಷ್ಟು ಬಳಸಿತು. ಬೇರೆಯವರು ಗೊಣಗುತ್ತಾರೆ. ನನಗೆ ಇಷ್ಟ. ಮನುಷ್ಯರು ‘ಆಯ್ತು, ಇನ್ನೇನು ಮುಗೀತು’ ಎನ್ನುತ್ತಾರೆ. ಲಾಗು ಹಾಗೆ ಬಾಯಿಗೆ ಬಂದದ್ದು ಹೇಳುವುದಿಲ್ಲ.

ಈ ಸಲದ ಓಟ ಪಾವಾದ್ದು, ಬಂಡೆಗೆ ಅಂಟಿ ಬದುಕುವ, ತಿನ್ನುವ ಚಿಪ್ಪಿನದು, ಅದೂ ನಾನು ಹುಟ್ಟಿ ಬೆಳೆದ ಚಾಟಮ್ ದ್ವೀಪದ ತೆರಾವಾ ಕೊಲ್ಲಿಯದು. ಎರಡು ಬೇಸಿಗೆಯ ಹಿಂದೆ ಸಮುದ್ರ ಬಿಸಿಯಾದಾಗ ಅಲ್ಲಿ ಎಷ್ಟು ಪಾವಾ ಸತ್ತವು, ಎಷ್ಟು ಉಳಿದವು ಎಂದು ಹೇಳಬೇಕು. ಅಕ್ಟೋಬರ್ 11ಕ್ಕೆ ಮೀನುಗಾರಿಕೆ ಸಮಿತಿ ಕೂರುತ್ತದೆ. ಅಷ್ಟರಲ್ಲಿ ನಂಬಬಹುದಾದ ಅಂಕಿ ಸಿಗದಿದ್ದರೆ ಕೊಲ್ಲಿಯನ್ನು ಮುಚ್ಚುತ್ತಾರೆ. ಗೊತ್ತಿಲ್ಲದ್ದನ್ನು ಮುಟ್ಟಬೇಡ ಎನ್ನುವುದು ಅವರ ನಿಯಮ. ಅಲ್ಲಿ ನೀರಿಗಿಳಿದು ಪಾವಾ ಕೀಳುವವರಲ್ಲಿ ನನ್ನ ತಮ್ಮ ರೂಪೆ ಒಬ್ಬ. ಇದನ್ನು ಸಂಸ್ಥೆಗೆ ಮೊದಲೇ ಬರೆದುಕೊಟ್ಟಿದ್ದೇನೆ. ಲೆಕ್ಕದ ಮಾದರಿ ಕಟ್ಟಿದವನು ನಮ್ಮ ಮುಖ್ಯಸ್ಥ ಅಲಿಸ್ಟರ್. ನಾನು ಬರೀ ಡ್ರೈವರ್.

ಸೆಪ್ಟೆಂಬರ್ 19, ಮಂಗಳವಾರ

ದಾರಿ ಸಿಕ್ಕಿತು. ನನ್ನದು ಒಂದೇ ಲೆಕ್ಕವನ್ನು ಎಂಟು ಬೇರೆ ಬೇರೆ ಊಹೆಗಳಿಂದ ಹೊರಡಿಸಿ ಎಂಟೂ ಒಂದೇ ಕಡೆ ಬಂದು ಸೇರುತ್ತವೆಯೇ ಎಂದು ನೋಡುವ ಓಟ. ಸೇರಿದರೆ ಅಂಕಿಯನ್ನು ನಂಬಬಹುದು. ಒಳಗಿನ ಗುಣಾಕಾರ ಹಂಚಿಕೊಳ್ಳಲು ಸಹಾಯಕರನ್ನು, ಅಂದರೆ ಮರಿ ಪ್ರೋಗ್ರಾಂಗಳನ್ನು, ಕರೆದುಕೊಳ್ಳುವ ಒಂದು ಸವಲತ್ತು ಪ್ರೋಗ್ರಾಮಿನಲ್ಲಿದೆ. ನಾನು ಅದನ್ನು ಯಾವತ್ತೂ ಬಳಸಿರಲಿಲ್ಲ. ಇವತ್ತು ತೆರೆದುಬಿಟ್ಟೆ. ಒಂದೊಂದು ಲೆಕ್ಕವೂ ತನಗೆ ಬೇಕಾದಷ್ಟು ಸಹಾಯಕರನ್ನು ಕರೆದುಕೊಳ್ಳಲಿ.

ಹಳೆಯದನ್ನು ನಿಲ್ಲಿಸಿ ಮಧ್ಯಾಹ್ನ ಹೊಸದಾಗಿ ಹೊರಡಿಸಿದೆ. ಹೆಜ್ಜೆ ಹೆಜ್ಜೆಗೂ ಪ್ರಗತಿ ಬರೆಯುವುದನ್ನೂ ನಿಲ್ಲಿಸಿದೆ. ಬರೆಯುವುದಕ್ಕೂ ಹೊತ್ತು ಬೇಕಲ್ಲ. ಸಂಜೆ ಲಾಗು ನೋಡಿದರೆ ಬಳಕೆ ನೂರಕ್ಕೆ ನೂರು. ತವಿತ ಬಂದು ನನ್ನ ಪರದೆಯನ್ನು ಮಗುವಿನ ಕೆನ್ನೆ ತಟ್ಟುವ ಹಾಗೆ ತಟ್ಟಿ ಹೋದ. ಖುಷಿಯಾಯಿತು, ಯಾಕೆ ಸುಳ್ಳು ಹೇಳಲಿ.

ಸೆಪ್ಟೆಂಬರ್ 22, ಶುಕ್ರವಾರ

ನೂರಕ್ಕೆ ನೂರು. ತವಿತ ಎಲ್ಲರಿಗೂ ಮೇಲ್ ಹಾಕಿದ್ದಾನೆ: ‘ಪ್ರೊಸೆಸರನ್ನು ಹೇಗೆ ಬಳಸಬೇಕು ಎಂದು ಹೀನಿಯನ್ನು ನೋಡಿ ಕಲಿಯಿರಿ.’ ಮೀನಿನ ಕಿವಿಯ ಮೂಳೆಯ ಗೆರೆ ಎಣಿಸಿ ವಯಸ್ಸು ಹೇಳುವ ಕೋಣೆಯ ಹುಡುಗಿಯರು ನನಗೆ ಎದ್ದು ನಿಂತು ಸಲಾಮು ಹೊಡೆದರು.

ಸೆಪ್ಟೆಂಬರ್ 24, ಭಾನುವಾರ

ದ್ವೀಪದ ವಿಮಾನದಲ್ಲಿ ರೂಪೆ ಐಸ್ ಪೆಟ್ಟಿಗೆ ಕಳಿಸಿದ್ದ. ಸರಕಿನ ಕೌಂಟರಿಗೆ ಹೋಗಿ ತಂದೆ. ನೀಲಿ ಕಾಡ್ ಮೀನು, ಒಂದು ಚೀಲ ಪಾವಾ. ಪಾವಾ ರುಬ್ಬಿ ವಡೆ ಮಾಡಿದೆ, ಮನೆಯೆಲ್ಲ ಸಮುದ್ರದ ವಾಸನೆ. ಸಂಜೆ ಅವನದೇ ಫೋನ್.

“ಅಕ್ಕ, ತಿಂದ್ಯಾ?”

“ತಿಂದೆ. ಎಣ್ಣೆ ಹೆಚ್ಚಾಯ್ತು.”

“ನಿಂದು ಯಾವತ್ತೂ ಎಣ್ಣೆ ಹೆಚ್ಚೇ. ನಿನ್ನ ಮೆಷಿನ್ನು ಏನಂತೆ?”

“ಓಡ್ತಿದೆ. ಪೂರಾ ತಾಕತ್ತು ಹಾಕಿ ಓಡ್ತಿದೆ. ಇವತ್ತೋ ನಾಳೆಯೋ ಮುಗೀಬೇಕು.”

“ಏನು ಹೇಳುತ್ತೆ ಅಂತ ಕೇಳಲ್ಲ ಬಿಡು. ನೀನು ಹೇಳೋ ಹಾಗಿಲ್ಲ. ಬಾಯಿ ಬಿಟ್ಟು ಹೇಳಲಿ ಸಾಕು, ಏನಾದ್ರೂ. ಸುಮ್ನೆ ಮುಚ್ಚಿದ್ರೆ ನಾವು ದ್ವೀಪ ಬಿಟ್ಟು ಟಿಮರು ಪಟ್ಟಣಕ್ಕೇ ಹೋಗೋದು. ಡೆಲ್‌ನ ಅಣ್ಣ ಮಾಂಸದ ಕಾರ್ಖಾನೇಲಿ ಕೆಲಸ ನೋಡಿಟ್ಟಿದಾನೆ. ಕುರಿ ಕುಯ್ಯೋದಂತೆ.”

“ನೀನು? ಕುರಿ?”

“ಯಾಕೆ, ಕುರಿ ಈಜಿಕೊಂಡು ತಪ್ಪಿಸ್ಕೊಳ್ಳಲ್ಲವಲ್ಲ.”

ಇಬ್ಬರೂ ನಕ್ಕೆವು. ಅವನ ಹೆಂಡತಿ ಡೆಲ್ ಹಿಂದಿನಿಂದ ಏನೋ ಅಂದಳು, ಅವನು ಫೋನಿಗೆ ಕೈ ಮುಚ್ಚಿದ. ಅವರ ಮೂರು ಮಕ್ಕಳನ್ನು ಬಿಟ್ಟರೆ ದ್ವೀಪದ ಶಾಲೆಯ ಆ ದಿಕ್ಕಿನ ವ್ಯಾನಿಗೆ ಹತ್ತುವವರು ಯಾರೂ ಇಲ್ಲ. ರೂಪೆ ನೀರಿಲ್ಲದ ಕಡೆ ಹೇಗೆ ಬದುಕುತ್ತಾನೋ ನನಗೆ ಕಲ್ಪನೆಗೂ ಬರುವುದಿಲ್ಲ.

ಸೆಪ್ಟೆಂಬರ್ 29, ಶುಕ್ರವಾರ

ಇನ್ನೂ ಮುಗಿದಿಲ್ಲ. ನನ್ನ ಅಂದಾಜು ಐದು ದಿನದ್ದು, ಅದರ ಎರಡರಷ್ಟಾಯಿತು. ಅಲಿಸ್ಟರ್‌ನ ಬಾಗಿಲು ತಟ್ಟಿದೆ.

“ಬಳಕೆ ಎಷ್ಟಿದೆ?”

“ನೂರಕ್ಕೆ ನೂರು.”

“ಮತ್ತಿನ್ನೇನು? ಕಷ್ಟದ ಮಾದರಿ, ಹೊತ್ತು ಹಿಡಿಯುತ್ತೆ. ಕುದಿಯೋ ಪಾತ್ರೆಗೆ ಪದೇ ಪದೇ ಸೌಟು ಹಾಕಬೇಡ ಹೀನಿ.”

ಸರಿ ಎನಿಸಿತು. ಲಾಗಿನ ಸಾಲು ಕೆಳಗೆ ಕೆಳಗೆ ಬೆಳೆಯುತ್ತಿದೆ, ಎಲ್ಲ ಸಾಲಿನಲ್ಲೂ ಅದೇ ನೂರು. ಇಷ್ಟು ಮೈ ಮುರಿದು ದುಡಿಯುವುದನ್ನು ನಾನು ಯಾವ ಬಾಯಲ್ಲಿ ಬೈಯಲಿ?

ಅಕ್ಟೋಬರ್ 2, ಸೋಮವಾರ

ಓಡುತ್ತಿದೆ. ಊಟ ಸೇರಲಿಲ್ಲ.

ಅಕ್ಟೋಬರ್ 3, ಮಂಗಳವಾರ

ಓಡುತ್ತಿದೆ. ರೂಪೆಯ ಫೋನ್ ಎತ್ತಲಿಲ್ಲ. ಎತ್ತಿ ಏನು ಹೇಳಲಿ?

ಅಕ್ಟೋಬರ್ 4, ಬುಧವಾರ

ಇವತ್ತು ಸುಮ್ಮನೆ ಕೂರಲಾರದೆ ಹಳೆಯ ಕಂಪ್ಯೂಟರೊಂದರಲ್ಲಿ ಅದೇ ಲೆಕ್ಕದ ಒಂದು ಚೂರನ್ನು ಎರಡು ರೀತಿಯಲ್ಲಿ ಓಡಿಸಿದೆ. ಒಂದು ಸಹಾಯಕರ ಸಮೇತ, ಇನ್ನೊಂದು ಸಹಾಯಕರಿಲ್ಲದೆ. ಸಹಾಯಕರಿಲ್ಲದ್ದು ನಾನು ಟೀ ಮಾಡಿಕೊಂಡು ಬರುವಷ್ಟರಲ್ಲಿ ಮುಗಿದಿತ್ತು. ಬಳಕೆ ಅರ್ಧ. ಸಹಾಯಕರ ಸಮೇತ ಹೊರಟದ್ದು ಮಧ್ಯಾಹ್ನದ ಊಟವಾದ ಮೇಲೂ ಏದುಸಿರು ಬಿಡುತ್ತಿತ್ತು. ಬಳಕೆ ನೂರಕ್ಕೆ ನೂರು.

ಎಂಟು ಲೆಕ್ಕ. ಒಂದೊಂದೂ ಹದಿನಾರು ಸಹಾಯಕರನ್ನು ಕರೆದುಕೊಂಡಿದೆ. ಅವರೆಲ್ಲ ಕೂರಲು ಇರುವುದೇ ಹದಿನಾರು ಪ್ರೊಸೆಸರ್. ನಮ್ಮ ಕಡೆ ಸಾವಿನ ಮನೆಯಲ್ಲಿ ಬಂದವರಿಗೆ ಬೇಯಿಸಲು ಊರೆಲ್ಲ ಅಡುಗೆಮನೆಗೆ ನುಗ್ಗಿದರೆ ಆಗುತ್ತದಲ್ಲ, ಹಾಗೆ. ಎಲ್ಲರ ಕೈಯಲ್ಲೂ ಚಾಕು, ಎಲ್ಲರ ಹಣೆಯಲ್ಲೂ ಬೆವರು, ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ, ಆಲೂಗೆಡ್ಡೆ ಮಾತ್ರ ಸುಲಿದಿಲ್ಲ. ಹದಿನೈದು ದಿನದಿಂದ ನಾನು ಆ ಬೆವರನ್ನು ಬರೆದುಕೊಂಡು ಹಿಗ್ಗುತ್ತಿದ್ದೆ. ಪ್ರಗತಿ ಬರೆಯುವುದನ್ನು ನಿಲ್ಲಿಸಿದವಳೂ ನಾನೇ. ಅರ್ಧ ಬಳಕೆಯ ಆ ಮೊದಲ ಓಟವನ್ನು ಅದರ ಪಾಡಿಗೆ ಬಿಟ್ಟಿದ್ದರೆ ಯಾವತ್ತೋ ಮುಗಿದಿರುತ್ತಿತ್ತು.

ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಕೂತೆ. ಅಳು ಬರಲಿಲ್ಲ, ಭಯವಾಯಿತು.

ಅಕ್ಟೋಬರ್ 5, ಗುರುವಾರ

ಕೊಂದೆ. ಬೆಳಗ್ಗೆ ಬಂದವಳೇ ಆ ಓಟವನ್ನು ಕೊಂದೆ, ಅಲಿಸ್ಟರ್‌ಗೆ ಹೇಳಿಯೇ. ಅವನು ಬೈಯಲಿಲ್ಲ, ಕನ್ನಡಕ ತೆಗೆದು ಒರೆಸಿದ. ಬೈದಿದ್ದರೆ ಚೆನ್ನಾಗಿತ್ತು.

ಸಹಾಯಕರನ್ನೆಲ್ಲ ಹೊರಗಟ್ಟಿ ಮತ್ತೆ ಹೊರಡಿಸಿದ್ದೇನೆ. ಈ ಸಲ ಪ್ರಗತಿಯನ್ನೂ ಬರೆಸುತ್ತಿದ್ದೇನೆ. ಅದರ ಲೆಕ್ಕದಲ್ಲಿ ಸೋಮವಾರ ರಾತ್ರಿ ಮುಗಿಯುತ್ತದೆ. ಮಂಗಳವಾರ ಒಂದು ದಿನ ಕೈಯಲ್ಲಿ, ಬುಧವಾರ ಸಮಿತಿ. ಆದರೆ ಬಳಕೆ ಐವತ್ತು ತೋರಿಸುತ್ತಿದೆ. ತವಿತನ ಹತ್ತಿರ ಓಡಿದೆ. ಕೂತು ಮೊಬೈಲಿನಲ್ಲಿ ಮಗಳು ಪದ್ಯ ಒಪ್ಪಿಸುವುದನ್ನು ನೋಡುತ್ತಿದ್ದ. ಈ ಭಾನುವಾರ ಅವರಲ್ಲಿ ಬಿಳಿ ಭಾನುವಾರದ ಹಬ್ಬ. ಮಕ್ಕಳೆಲ್ಲ ಬಿಳಿ ಬಟ್ಟೆ ತೊಟ್ಟು ಚರ್ಚಿನಲ್ಲಿ ಎಲ್ಲರ ಮುಂದೆ ನಿಂತು ಹೇಳಬೇಕು.

“ಕಾವಲು ಪ್ರೋಗ್ರಾಮಿಗೆ ನನ್ನ ಓಟ ಮುಟ್ಟಬೇಡ ಅಂತ ಹೇಳ್ತೀಯಾ?”

“ಹೇಳ್ತೀನಿ ತಾಯಿ. ಅದು ಸುತ್ತು ಬರೋದು ಭಾನುವಾರ, ನಾಳೆ ಹೊಸ ಪಟ್ಟಿ ಹಾಕುವಾಗ ನಿನ್ನ ಹೆಸರು ಸೇರಿಸ್ತೀನಿ.”

“ಮರೀಬೇಡ ಕಣೋ.”

“ನಿನ್ನ ತಮ್ಮ ಅಂದ್ರೆ ನನ್ನ ತಮ್ಮ. ಹೋಗು, ಮುಖ ತೊಳ್ಕೋ, ಹೆಣದ ಹಾಗಿದೀಯ.”

ಅಕ್ಟೋಬರ್ 7, ಶನಿವಾರ

ರಜಾ ದಿನವಾದರೂ ಆಫೀಸಿಗೆ ಹೋಗಿ ನೋಡಿದೆ. ಎಂಟೂ ಅರ್ಧ ದಾರಿ ದಾಟಿವೆ. ಬೇರೆ ಬೇರೆ ಕಡೆಯಿಂದ ಹೊರಟವು ಒಂದೇ ಕಡೆಗೆ ತಿರುಗಿಕೊಂಡಿವೆ. ಇಷ್ಟು ಚೆನ್ನಾಗಿ ಕೂಡಿ ಬರುವುದನ್ನು ನಾನು ಹೆಚ್ಚು ಸಲ ನೋಡಿಲ್ಲ. ನಿನ್ನೆ ಕಾರಿಡಾರಿನಲ್ಲಿ ತವಿತ ಫೋನಿನಲ್ಲಿ ಮಗಳ ಬಿಳಿ ಲಂಗದ ಮಾತಾಡುತ್ತ ಬೇಗ ಮನೆಗೆ ಹೊರಟಿದ್ದ. ಕೇಳೋಣ ಎಂದುಕೊಂಡೆ. ಒಮ್ಮೆ ಹೇಳಿದ್ದೇನೆ, ಮತ್ತೆ ಮತ್ತೆ ಕೇಳಿದರೆ ನಂಬಿಕೆ ಇಲ್ಲ ಎಂದ ಹಾಗಾಗುತ್ತದೆ ಎಂದು ಸುಮ್ಮನಾದೆ.

ರೂಪೆಗೆ ಫೋನ್ ಮಾಡಿ, “ಈ ಸಲ ಆಗುತ್ತೆ” ಅಂದೆ.

“ಆಯ್ತು ಮಾರಾಯ್ತಿ, ನೀನು ಸ್ವಲ್ಪ ಗಾಳಿಗೆ ಹೋಗು. ಆ ಪರದೆ ನೋಡಿ ನೋಡಿ ನಿನ್ನ ದನಿನೇ ಮೆಷಿನ್ನಿನ ಥರ ಆಗಿದೆ.”

ಅಕ್ಟೋಬರ್ 8, ಭಾನುವಾರ

ಅವನು ಹೇಳಿದ ಹಾಗೆ ಗಾಳಿಗೆ ಹೋದೆ. ವೆಲಿಂಗ್ಟನ್ನಿನ ಗಾಳಿ ಮನುಷ್ಯರನ್ನು ಹೊತ್ತುಕೊಂಡು ಹೋಗುವಂಥದ್ದು, ಇವತ್ತು ಮಾತ್ರ ಸಾಧುವಾಗಿತ್ತು. ದಡದಲ್ಲಿ ಮೀನು ಮತ್ತು ಚಿಪ್ಸ್ ತಿಂದೆ. ಲಾಗು ನೋಡಲಿಲ್ಲ. ಬೆಳಗಿನಿಂದ ರಾತ್ರಿಯವರೆಗೂ ನೋಡಲಿಲ್ಲ. ರೂಪೆ ಚಿಕ್ಕವನಿದ್ದಾಗ ಕಲ್ಲಿನ ಸಂದಿಗೆ ಕೈ ಹಾಕಿ ಪಾವಾ ಹಿಡಿದುಕೊಂಡು ಬಿಡಲೊಲ್ಲದೆ ಅಲೆ ಬಂದು ಮುಳುಗುವ ತನಕ ಹಟ ಮಾಡುತ್ತಿದ್ದದ್ದು, ನಾನು ಅವನ ಚಡ್ಡಿ ಹಿಡಿದು ಎಳೆಯುತ್ತಿದ್ದದ್ದು ಎಲ್ಲ ನೆನಪಾಯಿತು. ಬಹಳ ದಿನದ ಮೇಲೆ ಹಸಿವಾಯಿತು.

ಅಕ್ಟೋಬರ್ 9, ಸೋಮವಾರ

ಓಟ ಇಲ್ಲ.

ಲಾಗಿನ ಕೊನೆಯ ಸಾಲು ಭಾನುವಾರ ಬೆಳಗಿನದು: ಬಳಕೆ ಕಡಿಮೆ, ಹೊರಹಾಕಲಾಗಿದೆ. ನಾನು ಚಿಪ್ಸ್ ತಿನ್ನುತ್ತಿದ್ದಾಗ ಅದು ಸತ್ತು ಎಷ್ಟೋ ಹೊತ್ತಾಗಿತ್ತು.

ತವಿತ ಪಟ್ಟಿಗೆ ನನ್ನ ಹೆಸರು ಸೇರಿಸಿರಲಿಲ್ಲ. ಶುಕ್ರವಾರ ಮಗಳ ಲಂಗ ಉದ್ದ ಬಂತೆಂದು ಹೆಂಡತಿ ಫೋನ್ ಮಾಡಿದ್ದಳಂತೆ, ದರ್ಜಿ ಅಂಗಡಿಗೆ ಓಡಿದನಂತೆ. ಬೆಳಗ್ಗೆ ಬಾಳೆ ಎಲೆಯಲ್ಲಿ ಕಟ್ಟಿದ ಕೆಸುವಿನ ಗೆಡ್ಡೆ, ಹಂದಿ ಮಾಂಸ ತಂದಿದ್ದ, ಹಬ್ಬದ್ದು ಎಂದು ನನಗೆ. ಅದನ್ನು ನನ್ನ ಮೇಜಿನ ಮೇಲಿಟ್ಟ ಮೇಲೆಯೇ ಅವನಿಗೆ ನೆನಪಾದದ್ದು. ಆ ಕ್ಷಣ ಅವನ ಮುಖದಲ್ಲಿ ಕಂಡೆ.

“ತಾಯಿ,” ಅಂದ.

“ಮಗಳು ಪದ್ಯ ಚೆನ್ನಾಗಿ ಹೇಳಿದಳಾ?”

“ನನ್ನ ಹೊಡಿ. ಬೇಕಾದ್ರೆ ಕುರ್ಚಿ ತಗೊಂಡು ಹೊಡಿ.”

“ಕೇಳಿದ್ದು ಹೇಳೋ. ಹೇಳಿದಳಾ?”

“ಒಂದು ಸಾಲು ಮರೆತಳು,” ಎಂದವನು ಮುಖ ಮುಚ್ಚಿಕೊಂಡ.

ಅವನ ಮೇಲೆ ಸಿಟ್ಟು ಬಂತು, ಸುಡುವಂಥ ಸಿಟ್ಟು. ಆದರೆ ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ. ಹದಿನೈದು ದಿನ ಸುಟ್ಟವಳು ನಾನು, ಅವನು ಸುಟ್ಟದ್ದು ಒಂದು ಭಾನುವಾರ. ಮತ್ತೆ ಹೊರಡಿಸಿದರೂ ಬುಧವಾರಕ್ಕೆ ಮುಗಿಯುವುದಿಲ್ಲ. ಎಷ್ಟು ಸಲ ಕೂಡಿ ಕಳೆದರೂ ಮುಗಿಯುವುದಿಲ್ಲ.

ಅಕ್ಟೋಬರ್ 11, ಬುಧವಾರ

ಸಮಿತಿ. ರೂಪೆ ದ್ವೀಪದಿಂದ ಪರದೆಯಲ್ಲಿ ಬಂದ. ಉಣ್ಣೆ ಟೋಪಿ, ಕ್ಯಾಮೆರಾ ಗದ್ದದ ಕೆಳಗೆ, ಮೂಗಿನ ಹೊಳ್ಳೆಯೇ ದೊಡ್ಡದಾಗಿ ಕಾಣುತ್ತಿತ್ತು. ಅವನ ಗಡಿಯಾರ ನಮ್ಮದಕ್ಕಿಂತ ಮುಕ್ಕಾಲು ಗಂಟೆ ಮುಂದೆ. ಅಲ್ಲಿ ಆಗಲೇ ಊಟದ ಹೊತ್ತು, ಹಿಂದೆ ಮಕ್ಕಳ ತಟ್ಟೆ ಸದ್ದು.

ಅಲಿಸ್ಟರ್ ಎದ್ದು, ಓಟ ಪೂರ್ಣಗೊಂಡಿಲ್ಲ, ತಾಂತ್ರಿಕ ಕಾರಣ ಎಂದ. ಯಾರ ಹೆಸರನ್ನೂ ಎತ್ತಲಿಲ್ಲ. ಅರ್ಧ ದಾರಿಯ ಅಂಕಿಗಳಾದರೂ ಇವೆಯೇ ಎಂದು ಅಧ್ಯಕ್ಷೆ ಕೇಳಿದರು. ಇಲ್ಲ, ಹೊರದಬ್ಬಿದಾಗ ಅಳಿಸಿಹೋದವು ಎಂದ ಅವನು. ನಾನು ಕೈ ಎತ್ತಿ, ತಪ್ಪು ನನ್ನದು ಎಂದೆ. ಅವರು ದಾಕ್ಷಿಣ್ಯದಿಂದ ತಲೆಯಾಡಿಸಿ ನಿರ್ಣಯ ಓದಿದರು. ನನ್ನ ತಪ್ಪು ಕಟ್ಟಿಕೊಂಡು ಅವರಿಗೆ ಏನೂ ಆಗಬೇಕಾಗಿರಲಿಲ್ಲ.

‘ನಂಬಲರ್ಹವಾದ ಅಂದಾಜು ದೊರೆಯುವವರೆಗೆ ತೆರಾವಾ ಕೊಲ್ಲಿ ಮುಚ್ಚಿರುತ್ತದೆ.’ ಇಷ್ಟೇ. ರೂಪೆ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಪರದೆ ಆರಿತು.

ಅಕ್ಟೋಬರ್ 12, ಗುರುವಾರ

ಏನೂ ಇಲ್ಲ ಬರೆಯಲು.

ಅಕ್ಟೋಬರ್ 22, ಭಾನುವಾರ

ಹತ್ತು ದಿನ ರೂಪೆಗೆ ನಾನೂ ಫೋನ್ ಮಾಡಲಿಲ್ಲ, ಅವನೂ ಮಾಡಲಿಲ್ಲ. ಇವತ್ತು ಅವನೇ ಮಾಡಿದ. ಬೈಸಿಕೊಳ್ಳಲು ಸಿದ್ಧಳಾಗಿ ಕೂತೆ.

“ಅಕ್ಕ, ಆ ಅಧ್ಯಕ್ಷೆಯಮ್ಮ ಏನಂದ್ರು ಕೇಳಿಸ್ಕೊಂಡ್ಯಾ? ಅಂದಾಜು ದೊರೆಯುವವರೆಗೆ ಅಂದ್ರು. ಅಂದ್ರೆ ನಿನ್ನ ಮೆಷಿನ್ನು ಮುಗಿಸಿದ ಕೂಡಲೇ ತೆಗೀತಾರೆ.”

“ಹಾಗೇ ಅಂತ ಅಲ್ಲ ಕಣೋ...”

“ಹಾಗೇ. ಸಮುದ್ರಕ್ಕೇನೂ ಆಗಿಲ್ಲ. ಊರಲ್ಲೂ ಎಲ್ಲರಿಗೂ ಅದೇ ಹೇಳಿದೀನಿ. ಕೊಲ್ಲಿ ಸತ್ತಿಲ್ಲ, ನಮ್ಮಕ್ಕನ ಕಂಪ್ಯೂಟರ್ ಕೆಟ್ಟಿದೆ ಅಷ್ಟೇ ಅಂತ. ಟಿಮರುಗೆ ಹೋಗ್ತೀವಿ, ಆದ್ರೆ ದೋಣಿ ಮಾರಲ್ಲ.”

ಅವನ ದನಿಯಲ್ಲಿ ಒಂಚೂರೂ ಕೋಪ ಇರಲಿಲ್ಲ. ನನ್ನ ತಪ್ಪನ್ನೇ ದೋಣಿಯ ಹಾಗೆ ಹತ್ತಿ ಕೂತಿದ್ದಾನೆ. ಇಳಿ ಎನ್ನಲು ನನಗೆ ಧೈರ್ಯ ಸಾಲಲಿಲ್ಲ.

ನವೆಂಬರ್ 18, ಶನಿವಾರ

ಹೋದರು. ವಿಮಾನ ಬದಲಿಸುವಾಗ ಇಲ್ಲಿ ಸ್ವಲ್ಪ ಹೊತ್ತು ಇದ್ದರು. ಮಕ್ಕಳು ಓಡುವ ಮೆಟ್ಟಿಲಿನ ಮೇಲೆ ಹತ್ತಿ ಇಳಿದು ಮಾಡಿದರು, ಅವಕ್ಕೆ ಅದು ಹೊಸದು. ಡೆಲ್ ನನ್ನ ಕೈ ಹಿಡಿದುಕೊಂಡಳು. ರೂಪೆ ಕಾಲಿಗೆ ಹೊಸ ಬೂಟು ಹಾಕಿದ್ದ, ನಡೆಯುವುದಕ್ಕೇ ಬರದವನ ಹಾಗೆ ನಡೆಯುತ್ತಿದ್ದ.

ಸರ್ವರು ಈಗ ಬಿಡುವಾಗಿದೆ, ದಾಖಲೆಗಾದರೂ ಒಮ್ಮೆ ಪೂರ್ತಿ ಓಡಿಸು ಎಂದು ಅಲಿಸ್ಟರ್ ಹೇಳಿದ್ದಾನೆ. ಸೋಮವಾರ ಹೊರಡಿಸಬೇಕು. ತವಿತ ನನ್ನ ಹೆಸರನ್ನು ಪಟ್ಟಿಯಲ್ಲಿ ಮೊದಲಿಗೇ ಹಾಕಿ, ಚಿತ್ರ ತೆಗೆದು ನನಗೆ ಕಳಿಸಿದ.

ನವೆಂಬರ್ 25, ಶನಿವಾರ

ಮುಗಿದಿದೆ. ಒಂದು ತೊಡಕೂ ಇಲ್ಲದೆ ಮುಗಿದಿದೆ. ಎಂಟೂ ಒಂದೇ ಕಡೆ ಬಂದು ಸೇರಿವೆ.

ಕೊಲ್ಲಿಯಲ್ಲಿ ಪಾವಾ ಇಲ್ಲ ಎನ್ನುವಷ್ಟೇ ಇವೆ. ಮುಚ್ಚಬೇಕಾದ ಗೆರೆಗಿಂತ ಎಷ್ಟೋ ಕೆಳಗೆ. ಇವತ್ತಿನಿಂದ ಒಬ್ಬರೂ ಮುಟ್ಟದಿದ್ದರೂ ಮತ್ತೆ ತುಂಬುವಷ್ಟರಲ್ಲಿ ರೂಪೆಯ ದೊಡ್ಡ ಮಗಳಿಗೆ ಮಕ್ಕಳಾಗಿರುತ್ತವೆ. ಸೆಪ್ಟೆಂಬರಿನಲ್ಲೇ ಮುಗಿದಿದ್ದರೂ ಇದೇ ಅಂಕಿ ಬರುತ್ತಿತ್ತು, ಕೊಲ್ಲಿ ಮುಚ್ಚುತ್ತಿತ್ತು, ಅವರು ಹೋಗುತ್ತಿದ್ದರು. ನನ್ನಿಂದ ಕೆಟ್ಟದ್ದು ಏನೂ ಇಲ್ಲ.

ಮೊದಲ ಒಂದು ಗಳಿಗೆ ಎದೆ ಹಗುರವಾಯಿತು. ಆ ಹಗುರಕ್ಕೆ ಆಮೇಲೆ ನಾಚಿಕೆಯಾಯಿತು. ಅವನಿಗೆ ಸಮುದ್ರ ಕೆಟ್ಟಿರುವುದಕ್ಕಿಂತ ನನ್ನ ಕಂಪ್ಯೂಟರ್ ಕೆಟ್ಟಿರುವುದೇ ಮೇಲಲ್ಲವೇ.

ಲಾಗಿನಲ್ಲಿ ಬರೆದೆ: ಓಟ ಪೂರ್ಣ.

ಡಿಸೆಂಬರ್ 3, ಭಾನುವಾರ

ಟಿಮರುವಿನಿಂದ ರೂಪೆಯ ಫೋನ್. ಕಾರ್ಖಾನೆಯಲ್ಲಿ ಕೈ ಕೊಯ್ದುಕೊಂಡಿದ್ದಾನೆ, ದೊಡ್ಡದಲ್ಲ. ಬಾಡಿಗೆ ಮನೆಯ ಕಿಟಕಿಯಿಂದ ಸಮುದ್ರ ಕಾಣುತ್ತದಂತೆ, ಆದರೆ ಅದು ಕಂದು ಬಣ್ಣ, ಅದಕ್ಕೆ ಯಾರು ಇಳಿಯುತ್ತಾರೆ ಅಂದ. ಚಿಕ್ಕವನು ಶಾಲೆಯಲ್ಲಿ ಯಾರ ಜೊತೆಗೂ ಮಾತಾಡುತ್ತಿಲ್ಲವಂತೆ. ಇದನ್ನೆಲ್ಲ ನಗುತ್ತಲೇ ಹೇಳಿದ. ಆಮೇಲೆ ಕೇಳಿದ.

“ನಿನ್ನ ಓಟ ಎಲ್ಲಿಗೆ ಬಂತು?”

ಅಲಿಸ್ಟರ್ ವರದಿ ಮಂಡಿಸುವುದು ಮಾರ್ಚಿನಲ್ಲಿ. ಅಲ್ಲಿಯವರೆಗೆ ನಾನು ಯಾರಿಗೂ ಏನೂ ಹೇಳುವಂತಿಲ್ಲ. ‘ಹೇಳುವಂತಿಲ್ಲ ಕಣೋ’ ಎಂದಿದ್ದರೆ ಸಾಕಿತ್ತು. ನಿಯಮವೂ ಅದೇ. ಅವನೂ ಸುಮ್ಮನಾಗುತ್ತಿದ್ದ, ಆದರೆ ಸುದ್ದಿ ಒಳ್ಳೆಯದಲ್ಲ ಎಂದು ಅರ್ಥ ಮಾಡಿಕೊಳ್ಳುತ್ತಿದ್ದ.

“ಓಡ್ತಾ ಇದೆ,” ಅಂದೆ.

“ನೂರಕ್ಕೆ ಎಷ್ಟು?”

“ಅರ್ಧದ ಹತ್ತಿರ.”

“ಪರವಾಗಿಲ್ಲ, ನಿಧಾನಕ್ಕೆ ಓಡ್ಲಿ. ಅವಸರ ಮಾಡಿ ಮತ್ತೆ ಕೆಡಿಸ್ಕೋಬೇಡ.” ಅವನು ಫೋನಿನಿಂದ ಮುಖ ತಿರುಗಿಸಿ ಕೂಗಿದ, “ಡೆಲ್, ಇನ್ನೂ ಓಡ್ತಿದೆಯಂತೆ! ಆ ಉಳಿದ ಸಾಮಾನಿನ ಪೆಟ್ಟಿಗೆಗಳನ್ನ ಬಿಚ್ಚಬೇಡ, ಹಾಗೇ ಇರಲಿ. ವಾಪಸ್ ಹೋಗುವಾಗ ಮತ್ತೆ ಕಟ್ಟೋ ಕೆಲಸ ತಪ್ಪುತ್ತೆ. ಅಲ್ವಾ ಅಕ್ಕ?”

ಹೌದು, ಬಿಚ್ಚಬೇಡಿ ಎಂದೆ.